ತಪ್ಪಿನ ಕಾಲಂ

ಕಚೇರಿಯಲ್ಲಿ ಅವನನ್ನು ಎಲ್ಲರೂ ತಪ್ಪಣ್ಣ ಎಂದೇ ಕರೆಯುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲಾಮೇಲೆ ಮುಖಕ್ಕೇ. ನಕ್ಷೆ ಇಲಾಖೆಯ ಅಳತೆಗಾರನಿಗೆ ಇದಕ್ಕಿಂತ ದೊಡ್ಡ ಬೈಗುಳ ಬೇಕೆ?

ಊರಾಚೆ ಒಂದು ಕಣಿವೆ. ಈ ದಂಡೆಗೊಂದು, ಆ ದಂಡೆಗೊಂದು ಕಲ್ಲಿನ ಕಂಬ. ಅವನು ಕೆಲಸಕ್ಕೆ ಸೇರುವ ಹಿಂದಿನ ವರ್ಷವಷ್ಟೇ ಎರಡರ ನಡುವಿನ ದೂರ ಇಷ್ಟು ಎಂದು ಗಟ್ಟಿಮಾಡಿಟ್ಟಿದ್ದರು. ವರ್ಷಕ್ಕೊಮ್ಮೆ ಈ ಕಂಬದ ಮೇಲೆ ಯಂತ್ರ ಕೂರಿಸಿ, ಆ ಕಂಬದ ಮೇಲಿನ ಕನ್ನಡಿಗೆ ಬೆಳಕು ಬಿಟ್ಟು, ಬಂದ ಅಂಕಿಯನ್ನು ಪುಸ್ತಕಕ್ಕೆ ಏರಿಸಬೇಕು. ಪುಸ್ತಕದಲ್ಲಿ ಮೂರೇ ಕಾಲಂ: ಇರಬೇಕಾದ ಅಳತೆ, ಬಂದ ಅಳತೆ, ತಪ್ಪು. ಯಂತ್ರ ನೆಟ್ಟಗಿದೆಯೇ, ಹಿಡಿದವನ ಕೈ ನೆಟ್ಟಗಿದೆಯೇ ಎಂದು ನೋಡುವ ಪರೀಕ್ಷೆ ಅದು. ಕಂಬಗಳು ಇದ್ದಲ್ಲೇ ಇವೆಯೇ ಎಂದು ಕೇಳುವ ಪುಣ್ಯಾತ್ಮ ಮಾತ್ರ ಒಬ್ಬನೂ ಇರಲಿಲ್ಲ.

ಮೊದಲ ವರ್ಷ ತಪ್ಪು ಎರಡು ಸೆಂಟಿಮೀಟರ್. ಮರುವರ್ಷ ನಾಲ್ಕು. ಆಮೇಲೆ ಆರು. ಅವನು ಯಂತ್ರ ಒರೆಸಿದ, ತಿರುಪು ಬಿಗಿದ, ಒಂದೇ ಅಳತೆಯನ್ನು ನಲವತ್ತು ಸಲ ತೆಗೆದ. ಏಳನೇ ವರ್ಷಕ್ಕೆ ಹದಿನಾಲ್ಕು!

"ಕಲ್ಲು ಎದ್ದು ಓಡಾಡುತ್ತೇನಯ್ಯಾ?" ಎಂದ ದೊಡ್ಡ ಸಾಹೇಬ, ಎಲ್ಲರ ಎದುರಿಗೆ. "ನಿನಗೆ ಕಣ್ಣು ನೆಟ್ಟಗಿಲ್ಲ, ಇಲ್ಲಾ ಬುದ್ಧಿ ನೆಟ್ಟಗಿಲ್ಲ."

ಆ ವರ್ಷ ಬಡ್ತಿ ಅವನ ಕೈಕೆಳಗಿನವನಿಗೆ ಹೋಯಿತು. ಎಂಟನೇ ವರ್ಷ ಅವನು ಕಣಿವೆಗೆ ಹೋದ, ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಂಡ, ಯಂತ್ರದ ಪೆಟ್ಟಿಗೆಯನ್ನೇ ತೆರೆಯಲಿಲ್ಲ. ಇರಬೇಕಾದ ಅಳತೆಯನ್ನೇ ಬಂದ ಅಳತೆ ಎಂದು ಬರೆದ. ತಪ್ಪು: ಸೊನ್ನೆ. ಸಾಹೇಬ ಬೆನ್ನು ತಟ್ಟಿದ, ಬಡ್ತಿಯೂ ಬಂತು. ಆ ವರ್ಷವೂ ಸೇರಿ ಹದಿನೆಂಟು ವರ್ಷ ಅದೇ ಊಟ, ಅದೇ ಸೊನ್ನೆ.

ನಿವೃತ್ತಿಗೆ ನಾಲ್ಕು ತಿಂಗಳಿದೆ ಎನ್ನುವಾಗ ಭೂವಿಜ್ಞಾನಿಯೊಬ್ಬಳು ಬಂದಳು. ಆ ವರ್ಷದ ಅಳತೆಯನ್ನು ಅವಳೇ ತೆಗೆದಳು. ಐವತ್ತೆರಡು ಸೆಂಟಿಮೀಟರ್ ಹೆಚ್ಚು.

"ಈ ಖಂಡ ಇಲ್ಲೇ ಸೀಳಿ ಹೋಗ್ತಾ ಇದೆ ಸರ್," ಎಂದಳು ಮರುದಿನ ಕಚೇರಿಯಲ್ಲಿ, ಪುಸ್ತಕ ತೆರೆದು. "ಒಂದು ದಂಡೆ ಒಂದು ಭೂಫಲಕದ ಮೇಲಿದೆ, ಇನ್ನೊಂದು ಇನ್ನೊಂದರ ಮೇಲೆ. ವರ್ಷಕ್ಕೆ ಒಂದು ಬೆರಳಗಲ ದೂರ ಹೋಗ್ತಿವೆ. ಕೋಟ್ಯಂತರ ವರ್ಷ ಕಳೆದ್ರೆ ನಡುವೆ ಸಮುದ್ರ. ಇದನ್ನ ಮೊದಲು ಅಳೆದೋರು ನೀವು! ಎರಡು, ನಾಲ್ಕು, ಆರು... ಒಂದೂ ತಪ್ಪಲ್ಲ."

ಒಂದೂ ತಪ್ಪಲ್ಲ! ಈ ಮಾತು ಕೇಳಬೇಕೆಂದು ಅವನ ಜೀವ ಇಪ್ಪತ್ತೈದು ವರ್ಷ ಬಾಯಿಬಾಯಿ ಬಿಟ್ಟಿತ್ತು. ಬೆಳಿಗ್ಗೆ ಹೊರಡುವಾಗ ಹೆಂಡತಿ ಬೇರೆ, "ಇವತ್ತಾದ್ರೂ ನಿಮ್ದೇ ಸರಿ ಅಂತ ಬಾಯಿಬಿಟ್ಟು ಹೇಳಿಸ್ಕೊಂಡು ಬನ್ನಿ," ಎಂದು ಕಳಿಸಿದ್ದಳು.

ಭೂವಿಜ್ಞಾನಿ ಪುಟ ಮಗುಚಿದಳು. ಹುಬ್ಬು ಗಂಟಾಯಿತು. "ಎಂಟನೇ ವರ್ಷದಿಂದ ಬರೀ ಸೊನ್ನೆ ಇದೆಯಲ್ಲ? ಯಂತ್ರ ಬದಲಾಯಿಸಿದ್ರಾ? ಹೊಸದು ಕೆಟ್ಟಿತ್ತಾ? ಹಾಗಿದ್ರೆ ಹೇಳಿ ಸರ್, ಮೊದಲ ಏಳು ವರ್ಷ ಉಳಿಯುತ್ತೆ."

ಹೌದು ಅಂದಿದ್ದರೆ ಮುಗಿದಿತ್ತು. ಹೂಂ ಎಂದು ತಲೆಯಾಡಿಸಿದ್ದರೂ ಸಾಕಿತ್ತು. ಆದರೆ ಒಂದೂ ತಪ್ಪಲ್ಲ ಎಂದವಳ ಮುಂದೆ ಆ ದರಿದ್ರ ನಾಲಿಗೆಗೆ ಇನ್ನೊಂದು ಸುಳ್ಳು ಬರಲೊಲ್ಲದು.

"ಯಂತ್ರ ಸರಿಯಾಗೇ ಇತ್ತು ತಾಯೀ. ನಾನು ಅಳೀಲೇ ಇಲ್ಲ. ಕೂತು ಬರೆದೆ. ನಿಜ ಬರೆದಾಗಲೆಲ್ಲ ಉಗಿಸ್ಕೊಂಡು ಸಾಕಾಗಿತ್ತು."

ಪಕ್ಕದಲ್ಲಿದ್ದ ಈಗಿನ ಸಾಹೇಬ ಹಲ್ಲು ಕಿರಿದ. "ಹಳೇ ಸಾಹೇಬರು ಸುಮ್ನೆ ಬೈತಿದ್ರಾ ಮತ್ತೆ? ಆಸಾಮೀನೇ ಹೀಗೆ."

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಅವಳಿಗೂ ಸಂಕಟವಾಗಿತ್ತು, ಮುಖ ನೋಡಿದರೇ ತಿಳಿಯುತ್ತಿತ್ತು. "ಹಾಗಾದ್ರೆ ಈ ಪುಸ್ತಕ ನಾನು ಬಳಸೋ ಹಾಗಿಲ್ಲ."

"ಮೊದಲ ಏಳು ವರ್ಷ ನಿಜ ತಾಯೀ! ನಲವತ್ತು ಸಲ ಅಳೆದಿದ್ದೀನಿ ಒಂದೊಂದನ್ನೂ!" ಅವನು ಮೇಜು ಗುದ್ದಿದ, ಲೋಟದ ನೀರು ಚೆಲ್ಲಿತು.

"ಇರಬಹುದು ಸರ್," ಎಂದಳು ಅವಳು ಮೆಲ್ಲಗೆ. ಪುಸ್ತಕ ಒದ್ದೆಯಾಗದಂತೆ ಎತ್ತಿ ಅವನ ಕಡೆಗೇ ಸರಿಸಿದಳು.

ಸಂಜೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಏನಂದ್ರು ರೀ? ಏಳು ವರ್ಷ ನೀವು ಬರೆದಿದ್ದೇ ನಿಜ ಅಂದ್ರಾ?"

ಅವನು ಚಪ್ಪಲಿ ಬಿಡುತ್ತ ತಲೆಯೆತ್ತದೆ ಹೇಳಿದ. "ಇರಬಹುದು ಅಂದ್ರು."