ವಕೀಲರ ಹೆಂಡತಿಯ ಅರ್ಜಿ

"ನಂಗೆ ಲಾ ಬೇಡಪ್ಪಾ" ಎಂದು ಮಗಳು ಹೇಳಿದಾಗ ಗಂಗಾ ಸಾರಿನ ಸೌಟು ಹಿಡಿದು ಗಂಡನ ತಟ್ಟೆಯ ಮುಂದೆ ಬಗ್ಗಿದ್ದಳು. ಸೌಟು ಅಲ್ಲೇ ನಿಂತಿತು.

ಸೊರಬದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರ ಮನೆ. ಮುಂದಿನ ಕೋಣೆಯೇ ಗಂಡ ತ್ರ್ಯಂಬಕರ ಆಫೀಸು. ವಕೀಲಿ ಶುರು ಮಾಡಿ ಇಪ್ಪತ್ತಾರು ವರ್ಷವಾಗಿತ್ತು. ಒಬ್ಬಳೇ ಮಗಳು ಶ್ರೀರಂಜಿನಿ ತೊಟ್ಟಿಲಲ್ಲಿದ್ದಾಗಲೇ ಅವಳು ಲಾ ಓದುತ್ತಾಳೆ ಎಂದು ಅವರು ತೀರ್ಮಾನ ಮಾಡಿಬಿಟ್ಟಿದ್ದರು. ಮಗಳನ್ನು ಒಂದು ಮಾತು ಕೇಳುವುದಕ್ಕೆ ಮಾತ್ರ ಪುರುಸೊತ್ತಾಗಿರಲಿಲ್ಲ. ಪಿಯುಸಿ ರಿಸಲ್ಟ್ ಬಂದದ್ದೇ ತಡ, ಶಿಕಾರಿಪುರದ ಕಾನೂನು ಕಾಲೇಜಿಗೆ ಹೋಗಿ ಐದು ವರ್ಷದ ಕೋರ್ಸಿನ ವಿವರವನ್ನೆಲ್ಲ ತಂದು ಊಟದ ಹೊತ್ತಿಗೆ ಮಗಳ ಮುಂದಿಟ್ಟಿದ್ದರು.

"ಮತ್ತೇನು ಬೇಕು ನಿಂಗೆ?"

"ಫಾರೆಸ್ಟ್ರಿ. ಶಿರಸಿಯಲ್ಲಿ ಕಾಲೇಜಿದೆ. ಸಿಇಟಿ ಬರ್ದಿದ್ದೇ ಅದಕ್ಕೆ."

"ಕಾಡು ಓದ್ತೀಯಾ?" ತ್ರ್ಯಂಬಕರು ತುತ್ತು ಕೆಳಗಿಟ್ಟರು. "ಹಾಗಾದ್ರೆ ಈ ಆಫೀಸು ನನ್ನ ಕಾಲಕ್ಕೇ ಮುಗೀತು. ಇಷ್ಟು ಪುಸ್ತಕ, ಇಷ್ಟು ಕಕ್ಷಿದಾರರು. ನಾಳೆ ನೋಡ್ಕೊಳ್ಳೋರು ಯಾರು?"

"ನಾನು ನೋಡ್ಕೋತೀನಿ" ಎಂದಳು ಗಂಗಾ.

"ನೀ ನೋಡ್ಕೋತೀಯ ಮಾರಾಯ್ತಿ, ದಿನಾ ಧೂಳು ಹೊಡೀತೀಯ. ನಾ ಹೇಳಿದ್ದು ಅದಲ್ಲ."

"ನಾನೂ ಧೂಳಿನ ಮಾತಾಡ್ಲಿಲ್ಲ. ಲಾ ಓದ್ತೀನಿ ಅಂದೆ."

ಶ್ರೀರಂಜಿನಿ ಕಿಸಕ್ಕನೆ ನಕ್ಕಳು. ತ್ರ್ಯಂಬಕರೂ ನಕ್ಕರು. ಗಂಗಾ ನಗದೆ ಸಾರು ಬಡಿಸಿದಳು. ಅವಳು ನಗಲಿಲ್ಲ ಎಂಬುದು ಮೊದಲು ಕಣ್ಣಿಗೆ ಬಿದ್ದದ್ದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಉಣ್ಣುತ್ತಿದ್ದ ಅತ್ತೆ ಜಗದಾಂಬ ಅವರಿಗೆ. "ತ್ರ್ಯಂಬಕ, ಅವಳು ತಮಾಷೆ ಮಾಡ್ತಾ ಇಲ್ಲ ಕಣೋ" ಎಂದರು.

ತ್ರ್ಯಂಬಕರು ಕೈ ತೊಳೆಯುವುದನ್ನೂ ಮರೆತು ಪಾಟೀಸವಾಲಿಗೆ ಕೂತರು.

"ನಿಂಗೆ ವಯಸ್ಸೆಷ್ಟು?"

"ನಲವತ್ತೈದು. ಅರ್ಜಿ ಹಾಕೋಕೆ ಇಷ್ಟೇ ವಯಸ್ಸಾಗಿರ್ಬೇಕು ಅಂತ ಇದೆಯಾ?"

ಸುಳ್ಳು ಹೇಳುವ ಜಾಯಮಾನ ಅವರದಲ್ಲ. "ಇಲ್ಲ" ಎಂದರು. "ಆದ್ರೆ ಡಿಗ್ರಿ ಇರ್ಬೇಕು."

"ಬಿ.ಎ. ಆಗಿದೆಯಲ್ಲ. ಡಿಗ್ರಿ ಆದವರಿಗೆ ಮೂರೇ ವರ್ಷದ ಕೋರ್ಸು ಅಂತ ನೀವೇ ಎಷ್ಟೋ ಜನಕ್ಕೆ ಹೇಳಿದ್ದು ಕೇಳಿದೀನಿ."

"ಶೇಕಡಾ ನಲವತ್ತೈದು ಅಂಕ ಬೇಕು ಮತ್ತೆ!"

"ನಂದು ಅರವತ್ತೊಂದು."

ತ್ರ್ಯಂಬಕರು ಹೆಂಡತಿಯ ಮುಖವನ್ನೇ ನೋಡಿದರು. "ಇದನ್ನ ನೀ ಹೇಳಿರ್ಲೇ ಇಲ್ಲ."

"ನೀವು ಕೇಳಿರ್ಲೇ ಇಲ್ಲ."

ಗಂಗಾಳಿಗೆ ಆ ಆಸೆ ಆ ಮಧ್ಯಾಹ್ನ ಹುಟ್ಟಿದ್ದಲ್ಲ. ತ್ರ್ಯಂಬಕರ ಬಳಿ ಬರುವ ಹೆಂಗಸರು ಆಫೀಸಿನಲ್ಲಿ ಬಾಯಿ ಬಿಡುತ್ತಿರಲಿಲ್ಲ. ನೀರು ಕೇಳುವ ನೆಪದಲ್ಲಿ ಅಡಿಗೆಮನೆಯ ಬಾಗಿಲಿಗೆ ಬಂದು ಗಂಗಾಳ ಹತ್ತಿರ ಎಲ್ಲ ಹೇಳಿಕೊಳ್ಳುತ್ತಿದ್ದರು. ಕೊನೆಗೆ, "ಈಗ ನಾನೇನ್ ಮಾಡ್ಲಿ, ನೀವೇ ಹೇಳ್ರಿ ಅಮ್ಮಾ" ಎನ್ನುತ್ತಿದ್ದರು. "ಅವರನ್ನೇ ಕೇಳಿ" ಎಂಬುದು ಅವಳ ಉತ್ತರ. ಎರಡು ವರ್ಷದ ಹಿಂದೆ ಉಡುತಡಿಯಿಂದ ಮೂಕಮ್ಮ ಎಂಬಾಕೆ ಬಂದಿದ್ದಳು. ಅಪ್ಪನ ಜಮೀನಿನಲ್ಲಿ ಪಾಲು ಬೇಡವೆಂದು ಬರೆದುಕೊಡಲು ಅಣ್ಣಂದಿರು ಒತ್ತಾಯ ಮಾಡುತ್ತಿದ್ದರು. "ಸಹಿ ಹಾಕ್ಲಾ, ಬ್ಯಾಡ್ವಾ?" ಎಂದು ಕೇಳಿದ್ದಳು. ಹಾಕಬೇಡ ಎನ್ನುವ ಮಾತು ಗಂಗಾಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ತನ್ನದು ತಪ್ಪಾದರೆ ಎಂಬ ಅಂಜಿಕೆ. "ಅವರು ಕೋರ್ಟಿನಿಂದ ಬರ್ಲಿ, ಕೂತಿರಿ" ಎಂದಿದ್ದಳು. ಅಷ್ಟರಲ್ಲಿ ಅಣ್ಣ ಹುಡುಕಿಕೊಂಡು ಬಂದು ತಂಗಿಯನ್ನು ಸೀದಾ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ ಸಹಿ ಹಾಕಿಸಿಬಿಟ್ಟ. ಅಂದಿನಿಂದ ಗಂಗಾಳಿಗೆ "ಅವರನ್ನೇ ಕೇಳಿ" ಎನ್ನುವಾಗಲೆಲ್ಲ ಮೂಕಮ್ಮನ ನೆನಪಾಗುತ್ತಿತ್ತು.

ಇದನ್ನು ಅವಳು ರಾತ್ರಿ ಗಂಡನಿಗೆ ಹೇಳಿದಳು. ತ್ರ್ಯಂಬಕರು ನಾಲ್ಕು ದಿನ ಹೋದರೆ ಮರೆಯುತ್ತಾಳೆ ಎಂದುಕೊಂಡರು. ಗಂಗಾ ಮರೆಯಲಿಲ್ಲ. ಪಾಸಾದ ಮೇಲೆ ಡಿಗ್ರಿ ಸರ್ಟಿಫಿಕೇಟನ್ನೇ ತೆಗೆದುಕೊಂಡಿರಲಿಲ್ಲ. ಮಗಳು ಫೋನಿನಲ್ಲಿ ಅದಕ್ಕೆ ಅರ್ಜಿ ಹಾಕಿಕೊಟ್ಟಳು. ಅದು ಅಂಚೆಯಲ್ಲಿ ಬಂದು ಕೈಸೇರುವ ಹೊತ್ತಿಗೆ ಅರ್ಜಿ ಕೊಡಲು ಕೊನೆಯ ದಿನವೇ ಬಂದುಬಿಟ್ಟಿತ್ತು.

ಆ ಬೆಳಿಗ್ಗೆ ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಟಾಗ, ತ್ರ್ಯಂಬಕರೂ ಚಪ್ಪಲಿ ಹಾಕಿಕೊಂಡು ನಿಂತಿದ್ದರು.

"ಕೋರ್ಟಿಲ್ವಾ?"

"ಇದ್ದಿದ್ದು ಒಂದೇ ಕೇಸು. ಬೇರೆ ತಾರೀಕು ತಗೊಳ್ಳೋಕೆ ಹೇಳಿದೀನಿ. ನಡಿ, ಬಸ್ಸು ಹೋಗತ್ತೆ."

ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ಹೋಗುವ ಬಸ್ಸು. ಬಳ್ಳಿಗಾವಿ ಗಂಗಾಳ ತವರು. ಕಾಲೇಜಿಗೆ ಹೋಗುವಾಗ ಇದೇ ರಸ್ತೆಯಲ್ಲಿ ಮೂರು ವರ್ಷ ಓಡಾಡಿದ್ದಳು, ಸೀಟು ಸಿಕ್ಕಿದ್ದು ಅಪರೂಪ. ಶಿರಾಳಕೊಪ್ಪದಲ್ಲಿ ಪುಸ್ತಕ ಎದೆಗವಚಿಕೊಂಡ ಹುಡುಗಿಯರ ಹಿಂಡೊಂದು ನುಗ್ಗಿತು. ಗಂಗಾ ಸರಿದು ಒಬ್ಬಳಿಗೆ ಜಾಗ ಮಾಡಿಕೊಟ್ಟಳು. ಆ ಹುಡುಗಿ, "ಎಲ್ಲಿಗೆ ಆಂಟಿ?" ಎಂದು ಕೇಳಿತು. "ಕಾಲೇಜಿಗೆ" ಎಂದಳು ಗಂಗಾ. ಹೇಳಿದ ಮೇಲೆ ತಾನೇ ಕಿಟಕಿಯ ಕಡೆ ತಿರುಗಿ ನಕ್ಕಳು.

ಕಾಲೇಜಿನ ಆಫೀಸಿನಲ್ಲಿ ಅರ್ಜಿ ತೆಗೆದುಕೊಳ್ಳುವವರು ಶಕುಂತಲಮ್ಮ. ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡಿದರು. "ಮಕ್ಕಳು ಎಲ್ಲಿ? ಸಹಿ ಬೇಕಾಗತ್ರೀ."

"ಮಕ್ಕಳದ್ದಲ್ಲ, ನಂದೇ" ಎಂದಳು ಗಂಗಾ.

"ಹೌದೇನ್ರಿ! ಬರ್ರಿ, ಕೂತ್ಕಳ್ರಿ" ಎಂದು ಶಕುಂತಲಮ್ಮ ಕುರ್ಚಿ ಎಳೆದು ಕೊಟ್ಟರು. ಒಂದೊಂದೇ ಕಾಗದ ತಿರುವಿದರು. ಆಧಾರ್ ಕಾರ್ಡಿಗೆ ಬಂದಾಗ ಅವರ ಕೈ ನಿಂತಿತು. "ಎಸ್ಸೆಸ್ಸೆಲ್ಸಿಯಲ್ಲಿ ಗಂಗಾವತಿ ಅಂತಿದೆ. ಡಿಗ್ರಿಯಲ್ಲೂ ಗಂಗಾವತಿ. ಇಲ್ಲಿ ಗಂಗಾ ತ್ರ್ಯಂಬಕ. ಇವರು ಯಾರು, ಅವರು ಯಾರು?"

ಲಗ್ನಪತ್ರಿಕೆಯಲ್ಲಿ ಚಿಕ್ಕದಾಗಿ ಇರಲಿ ಎಂದು ಗಂಗಾ ಎಂದು ಅಚ್ಚು ಹಾಕಿಸಿದ್ದರು. ಅದೇ ರೇಷನ್ ಕಾರ್ಡಿಗೆ ಬಂತು, ಅದೇ ಎಲ್ಲ ಕಡೆ ಉಳಿಯಿತು. ಊರಿನವರ ಹೆಸರನ್ನೆಲ್ಲ ತಿದ್ದಿಸಿಕೊಡುವ ವಕೀಲರ ಮನೆಯಲ್ಲಿ ಹೆಂಡತಿಯ ಹೆಸರು ಯಾರ ಗಮನಕ್ಕೂ ಬಂದಿರಲಿಲ್ಲ.

"ಇಬ್ಬರೂ ಒಬ್ಬರೇ ಅಂತ ಒಂದು ಅಫಿಡವಿಟ್ ಬೇಕ್ರಿ" ಎಂದರು ಶಕುಂತಲಮ್ಮ. "ಇವತ್ತೇ ಕೊಡ್ಬೇಕು. ನಾಳೆ ನಾನು ತಗೊಳ್ಳಾಕ್ ಬರಲ್ಲ."

ತ್ರ್ಯಂಬಕರು ಒಮ್ಮೆಲೇ ಹುರುಪುಗೊಂಡರು. ಇದು ಅವರ ಸಾಮ್ರಾಜ್ಯ. "ಅದಕ್ಕೇನು! ನಾನೇ ನೋಟರಿ. ಸೀಲು ಬ್ಯಾಗಲ್ಲೇ ಇದೆ" ಎಂದು ಬ್ಯಾಗಿಗೆ ಕೈ ಹಾಕಿದರು.

"ನಿಮ್ಮ ಹೆಂಡ್ತಿ ಅಫಿಡವಿಟ್ಟಿಗೆ ನೀವೇ ಸೀಲು ಹಾಕ್ತೀರಾ ಸಾರ್?"

ತ್ರ್ಯಂಬಕರ ಕೈ ಬ್ಯಾಗಿನಲ್ಲೇ ಉಳಿಯಿತು. ಕಿವಿ ಕೆಂಪಗಾಯಿತು. ಗಂಗಾ ಅಷ್ಟರಲ್ಲಿ ಎದ್ದು ನಿಂತಿದ್ದಳು. "ಇಲ್ಲಿ ಕೋರ್ಟು ಹತ್ರಾನೇ ಇದೆಯಲ್ರೀ. ಬನ್ನಿ, ಬೇರೆಯವರನ್ನ ನೋಡೋಣ."

ಕೋರ್ಟಿನ ಎದುರಿಗೆ ಮೊದಲು ಕಂಡ ನೋಟರಿ ಬೋರ್ಡು ಚೈತ್ರ ಎಂಬ ವಕೀಲೆಯದು. ಅದನ್ನು ನೋಡಿ ತ್ರ್ಯಂಬಕರ ಕಾಲು ನಿಧಾನವಾಯಿತು. "ಮುಂದೆ ಇನ್ನೊಬ್ರು ಇರ್ಬಹುದು" ಎಂದರು. ಯಾಕೆಂದು ಗಂಗಾ ಕೇಳುವ ಮೊದಲೇ ಒಳಗಿನಿಂದ ಮೂವತ್ತೈದರ ಆಸುಪಾಸಿನ ಹೆಂಗಸು ಹೊರಗೆ ಬಂದಳು. "ಓಹ್, ಸೊರಬದ ಸಾರ್! ಏನ್ ಸಾರ್, ಇಷ್ಟು ದೂರ? ಆ ಬದುವಿನ ಕೇಸಿಗೆ ಅಪೀಲು ಹಾಕಾಕೆ ಬಂದ್ರಾ?"

ಆ ಕೇಸಿನಲ್ಲಿ ಚೈತ್ರ ಗೆದ್ದಿದ್ದಳು. ಮನೆಯಲ್ಲಿ ತ್ರ್ಯಂಬಕರು ಹೇಳಿದ್ದು, ಎದುರು ಪಾರ್ಟಿಯವರ ಅದೃಷ್ಟ ಚೆನ್ನಾಗಿತ್ತು ಎಂದಷ್ಟೇ. ಅದೃಷ್ಟದ ಮುಖವನ್ನು ಗಂಗಾ ಈಗ ನೋಡಿದಳು. ಬಹಳ ಇಷ್ಟವಾಯಿತು.

ಬಂದ ಕೆಲಸ ಕೇಳಿ ಚೈತ್ರಳಿಗೆ ಸಂಭ್ರಮ. ಕೈಲಿದ್ದ ಕೆಲಸ ಬದಿಗಿಟ್ಟು ತಾನೇ ಟೈಪು ಮಾಡಲು ಕೂತಳು. ಇ-ಸ್ಟಾಂಪ್ ಕಾಗದದ ಮೇಲೆ ಅಚ್ಚಾದದ್ದನ್ನು ಗಂಗಾಳ ಕೈಗೆ ಕೊಟ್ಟು, "ಜೋರಾಗಿ ಓದ್ರಿ. ಓದಿದ ಮೇಲೇ ಸಹಿ" ಎಂದಳು.

"ಗಂಗಾವತಿ ಮತ್ತು ಗಂಗಾ ತ್ರ್ಯಂಬಕ ಎಂಬ ಎರಡೂ ಹೆಸರುಗಳು ನನ್ನವೇ ಆಗಿದ್ದು, ಈ ಎರಡೂ ಹೆಸರಿನ ವ್ಯಕ್ತಿ ನಾನೊಬ್ಬಳೇ ಎಂದು ಪ್ರಮಾಣೀಕರಿಸುತ್ತೇನೆ" ಎಂದು ಗಂಗಾ ಓದಿದಳು. ಗಂಗಾವತಿ ಎಂದು ಬಾಯಿಬಿಟ್ಟು ಹೇಳಿ ಎಷ್ಟು ಕಾಲವಾಗಿತ್ತು! ಬಳ್ಳಿಗಾವಿಯಿಂದ ಓಡಿ ಬಂದು ಬಸ್ಸು ಹಿಡಿಯುತ್ತಿದ್ದ, ಪರೀಕ್ಷೆಯ ಹಿಂದಿನ ದಿನ ಚಿಮಣಿ ದೀಪದಲ್ಲಿ ಓದುತ್ತಿದ್ದ ಆ ಹುಡುಗಿ ಎಲ್ಲಿಗೂ ಹೋಗಿರಲಿಲ್ಲ. ಕಾನೂನಿನ ಪ್ರಕಾರವೂ ಅವಳು ತಾನೇ. ಗಂಗಾ ಕಣ್ಣೊರೆಸಿಕೊಂಡು ಸಹಿ ಹಾಕಿದಳು.

"ಗುರುತಿಸೋರು ಬೇಕು. ಸಾರ್ ನೀವೇ ಮಾಡ್ರಿ" ಎಂದು ಚೈತ್ರ ಪೆನ್ನು ಮುಂದೆ ಮಾಡಿದಳು. ಕಣ್ಣಲ್ಲಿ ತುಂಟತನ. "ಇವರು ನಿಮಗೆ ಎಷ್ಟು ವರ್ಷದಿಂದ ಗೊತ್ತು?"

"ಇಪ್ಪತ್ತೆರಡು ವರ್ಷ" ಎಂದರು ತ್ರ್ಯಂಬಕರು. ಪೆನ್ನು ಹಿಡಿದು ಒಂದು ಗಳಿಗೆ ಯೋಚಿಸಿದರು. "ಅಂದ್ರೆ, ಗಂಗಾ ಗೊತ್ತು. ಈ ಗಂಗಾವತಿ ಇದಾಳಲ್ಲ, ಇವಳ ಪರಿಚಯ ಆಗಿದ್ದು ಮೊನ್ನೆ ಮೊನ್ನೆ."

ಚೈತ್ರ ಮೇಜು ತಟ್ಟಿ ನಕ್ಕಳು. ಸೀಲು ಒತ್ತುತ್ತ, "ನಮ್ಮದು ಉಡುತಡಿ ಅಕ್ಕಾ, ಹೊಲ ಮಾಡೋ ಮನೆ. ನಾನು ಲಾ ಸೇರಿದಾಗ ಇಡೀ ಊರೇ ನಕ್ಕಿತ್ತು. ನೀವು ಹೆದರ್ಕೋಬ್ಯಾಡ್ರಿ. ಪಾಸಾಗಿ ನನ್ನ ಹತ್ರಾನೇ ಜೂನಿಯರ್ ಆಗಿ ಬರ್ರಿ" ಎಂದಳು.

"ಅದೆಂಥದು?" ತ್ರ್ಯಂಬಕರು ಧಡಕ್ಕನೆ ಎದ್ದರು. "ನಮ್ಮ ಆಫೀಸಿಲ್ವಾ? ಇವಳು ಸೊರಬದಲ್ಲೇ ಪ್ರಾಕ್ಟೀಸ್ ಮಾಡ್ತಾಳೆ, ನನ್ನ ಜೊತೆ."

ಗಂಗಾ ಗಂಡನ ಮುಖ ನೋಡಿದಳು. ತಾವು ಏನು ಹೇಳಿದೆವೆಂದು ಅವರಿಗೂ ಆಮೇಲೆ ಹೊಳೆದಂತಿತ್ತು. ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳುವ ಲಕ್ಷಣವೇನೂ ಕಾಣಲಿಲ್ಲ.

"ಯಾರ ಹತ್ರ ಅಂತ ಯೋಚ್ನೆ ಮಾಡಿ ಹೇಳ್ತೀನಿ" ಎಂದಳು ಗಂಗಾ.

ಶಕುಂತಲಮ್ಮ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದರು. ಅಫಿಡವಿಟ್ಟನ್ನು ಎರಡು ಸಲ ಓದಿ, ಅರ್ಜಿಗೆ ಪಿನ್ನು ಹೊಡೆದು, "ಈಗ ಸರಿಯಾತು ನೋಡ್ರಿ ಗಂಗಾವತಿಯವರೇ" ಎಂದರು. ಬೀದಿಗೆ ಬಂದ ಮೇಲೆ ತ್ರ್ಯಂಬಕರಿಗೆ ಭಾರಿ ಹಸಿವಾಯಿತು. ಬಸ್ ಸ್ಟ್ಯಾಂಡಿನ ಎದುರು ನಿಂತು ಇಬ್ಬರೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದರು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಗಂಗಾ ಇನ್ನೊಂದು ಪ್ಲೇಟು ಹೇಳಿದಳು. ಮನೆಗೆ ಫೋನು ಮಾಡಿದರೆ ಮಗಳಿಂದ ಅತ್ತೆ ಫೋನು ಕಿತ್ತುಕೊಂಡು, "ಅರ್ಜಿ ತಗೊಂಡ್ರಾ?" ಎಂದು ಕಿರುಚಿದ್ದು ಬಜ್ಜಿ ಅಂಗಡಿಯವನಿಗೂ ಕೇಳಿಸಿತು.

ಎರಡು ವಾರದಲ್ಲಿ ಸೀಟು ಸಿಕ್ಕ ಸುದ್ದಿ ಬಂತು. ಶ್ರೀರಂಜಿನಿಗೂ ಶಿರಸಿಯಲ್ಲಿ ಸಿಕ್ಕಿತು. ಜಗದಾಂಬ ಅವರು ಎರಡಕ್ಕೂ ಸೇರಿಸಿ ಒಂದೇ ಪಾಯಸ ಮಾಡುವುದು ಸರಿಯಲ್ಲವೆಂದು ಹಟ ಹಿಡಿದು, ಬೆಳಿಗ್ಗೆ ಮೊಮ್ಮಗಳ ಹೆಸರಿನಲ್ಲಿ ಒಂದು, ಸಂಜೆ ಸೊಸೆಯ ಹೆಸರಿನಲ್ಲಿ ಒಂದು ಮಾಡಿಸಿದರು. ಎರಡನ್ನೂ ಕಾಯಿಸಿ ಇಳಿಸಿದವಳು ಗಂಗಾಳೇ. ತನ್ನ ಪಾಯಸಕ್ಕೆ ದ್ರಾಕ್ಷಿ ಒಂದು ಹಿಡಿ ಜಾಸ್ತಿ ಹಾಕಿಕೊಂಡಳು.

ಮೊದಲ ದಿನ ಕ್ಲಾಸು ಮುಗಿಸಿ ಅವಳು ಸೊರಬದಲ್ಲಿ ಬಸ್ಸಿಳಿದಾಗ ಸಂಜೆಯಾಗಿತ್ತು. ತ್ರ್ಯಂಬಕರು ಟೀ ಅಂಗಡಿಯ ಮುಂದೆ ನಿಂತಿದ್ದರು. ಯಾರನ್ನೋ ನೋಡಲು ಬಂದವರಂತೆ ಅತ್ತಿತ್ತ ನೋಡಿ, ಹೆಂಡತಿಯ ಕೈಯಿಂದ ಚೀಲ ತೆಗೆದುಕೊಂಡರು.

"ಏನು ಹೇಳಿಕೊಟ್ರು?"

ಕೇಳಿದ್ದಷ್ಟೇ. ಗಂಗಾಳ ಬಾಯಿಗೆ ಬಿಡುವೇ ಇರಲಿಲ್ಲ. ಒಪ್ಪಂದ ಅಂದರೇನು, ಹುಡುಗರು ಎಂತೆಂಥ ತಲೆಹರಟೆ ಪ್ರಶ್ನೆ ಕೇಳಿದರು, ಹೇಮಂತ್ ಎಂಬ ಮೇಷ್ಟ್ರಿಗೆ ಇನ್ನೂ ಮೀಸೆಯೂ ಸರಿಯಾಗಿ ಬಂದಿಲ್ಲ, ಆದರೆ ಎಷ್ಟು ಚೆನ್ನಾಗಿ ಪಾಠ ಮಾಡುತ್ತಾನೆ, ಪಕ್ಕದಲ್ಲಿ ಕೂತ ಮೇಘನಾ ಎಂಬ ಹುಡುಗಿ ಊಟದ ಡಬ್ಬಿಯಲ್ಲಿ ಪಾಲು ಕೊಟ್ಟದ್ದು, ಎಲ್ಲವೂ ಒಂದರ ಹಿಂದೆ ಒಂದು ಬಂದವು. ವಾದ ಮಾಡಿಯೇ ಬದುಕಿದ ತ್ರ್ಯಂಬಕರು ಚೀಲ ಹೊತ್ತುಕೊಂಡು ಹೂಂ, ಹೂಂ ಎನ್ನುತ್ತ ಬಂದರು. ಮನೆಯ ತಿರುವಿನಲ್ಲಿ ಗಂಗಾ ಗಕ್ಕನೆ ನಿಂತಳು.

"ಅಲ್ಲಾರೀ, ಒಂದು ಡೌಟು. ಒಬ್ಬ ಕಾಗದದಲ್ಲಿ ಒಪ್ಪಿಗೆ ಬರೆದು ಪೋಸ್ಟಿಗೆ ಹಾಕ್ತಾನೆ. ಅದು ತಲುಪೋ ಮೊದಲೇ ಫೋನು ಮಾಡಿ ಬೇಡ ಅಂತಾನೆ. ಆಗ ಒಪ್ಪಂದ ಆಯ್ತೋ, ಇಲ್ವೋ?"

ತ್ರ್ಯಂಬಕರು ಗಡ್ಡ ಕೆರೆದುಕೊಂಡು ಬೀದಿಯ ಲೈಟು ಕಂಬ ನೋಡಿದರು. ಓದಿ ಬಹಳ ವರ್ಷವಾಗಿತ್ತು.

"ನಾಳೆ ಆ ಮೀಸೆ ಇಲ್ಲದ ಮೇಷ್ಟ್ರನ್ನ ಕೇಳಿ, ನಂಗೂ ಬಂದು ಹೇಳು" ಎಂದರು. ಗಂಗಾ ನಡುಬೀದಿಯಲ್ಲೇ ಗಟ್ಟಿಯಾಗಿ ನಕ್ಕುಬಿಟ್ಟಳು. ಅವರೂ ನಕ್ಕರು.