ಅರವತ್ತನಾಲ್ಕನೆಯ ಚೀಟಿ

ಸುಂಕಣ್ಣನವರ ಜೊತೆ ನಡೆಯುವಾಗ ಮಾತಾಡಬಾರದು. ಮಾತಾಡಿಸಿದವರಿಗೆ ಉತ್ತರ ಸಿಗುವುದಿಲ್ಲವೆಂದಲ್ಲ. ಸಿಗುತ್ತದೆ, ಆದರೆ ಅವರು ಮನಸ್ಸಿನಲ್ಲೇ ಎಣಿಸುತ್ತಿರುವ ಹೆಜ್ಜೆ ನೂರು ಮುಟ್ಟಿ, ಕೋಟಿನ ಎಡಜೇಬಿನ ಹುಣಸೆಬೀಜವೊಂದು ಬಲಜೇಬಿಗೆ ದಾಟಿದ ಮೇಲೆ. ಅಷ್ಟರಲ್ಲಿ ಕೇಳಿದವರಿಗೆ ತಾವು ಕೇಳಿದ್ದೇ ಮರೆತುಹೋಗಿರುತ್ತದೆ. ಭೂಮಾಪನ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಸರಪಳಿಯ ತುದಿ ಹಿಡಿದು, ಸಿರುಗುಪ್ಪದ ಗದ್ದೆಯ ಬದುಗಳನ್ನೂ ಕೊಳಗಲ್ಲಿನ ಕರಿನೆಲವನ್ನೂ ಅಳೆದ ದೇಹವದು. ನಿವೃತ್ತಿಯಾದ ಮೇಲೂ ಕಾಲು ಅಳೆಯುವುದನ್ನು ಬಿಡಲಿಲ್ಲ. ಮನೆಯಿಂದ ಹಾಲಿನ ಅಂಗಡಿಗೆ ಇನ್ನೂರ ಹದಿನಾರು ಹೆಜ್ಜೆ, ಅಂಗಡಿಯಿಂದ ಮನೆಗೆ ಇನ್ನೂರ ಹದಿನೆಂಟು. ಆ ಎರಡು ಹೆಜ್ಜೆ ಎಲ್ಲಿಂದ ಬಂದವೆಂದು ಅವರು ಒಂದು ವಾರ ತಲೆ ಕೆಡಿಸಿಕೊಂಡದ್ದನ್ನು ಹೆಂಡತಿ ಈಗಲೂ ಬಂದವರಿಗೆಲ್ಲ ಹೇಳಿ ನಗುತ್ತಾರೆ.

ಬಳ್ಳಾರಿಯ ಬಿಸಿಲಿನಲ್ಲೂ ಮೈಮೇಲಿಂದ ಇಳಿಯದ ನಾಲ್ಕು ಜೇಬಿನ ಖಾಕಿ ಕೋಟು, ಎಡಗೈಯಲ್ಲಿ ದಿಕ್ಸೂಚಿ, ಕಂಕುಳಲ್ಲಿ ರಟ್ಟಿನ ಹೊದಿಕೆಯ ದಾಖಲೆ ಪುಸ್ತಕ. ಇಂಥವರಿಗೆ ಓರಿಯೆಂಟಿಯರಿಂಗ್ ಎಂಬ ಆಟ ದೊರೆತದ್ದು ಹಸಿದವನಿಗೆ ಅನ್ನ ದೊರೆತಂತೆ. ನಕಾಶೆ ನೋಡಿಕೊಂಡು, ಗುಡ್ಡದ ಮೇಲೆ ಹತ್ತು ಕಡೆ ಕಟ್ಟಿದ ಕಿತ್ತಳೆ-ಬಿಳಿ ಬಾವುಟಗಳನ್ನು ಒಂದಾದ ಮೇಲೊಂದರಂತೆ ಹುಡುಕಿ, ಅಲ್ಲಿ ತೂಗಬಿಟ್ಟ ಇಕ್ಕಳದಿಂದ ಚೀಟಿಗೆ ತೂತು ಒತ್ತಿಕೊಂಡು ಬರುವ ಆಟ ಅದು. ಹತ್ತು ವರ್ಷದ ಹಿಂದೆ ಬಳ್ಳಾರಿಯ ಬಟ್ಟೆ ವ್ಯಾಪಾರಿ ಕೊಟ್ಟೂರಪ್ಪನವರು ನಾಲ್ಕು ಜನ ಉತ್ಸಾಹಿಗಳನ್ನು ಕೂಡಿಸಿ ಇದಕ್ಕೊಂದು ಬಳಗ ಕಟ್ಟಿದಾಗ, ಕುರುಗೋಡಿನ ಗುಡ್ಡದ ಒಂದೊಂದು ಬಂಡೆಯನ್ನೂ ಹೆಜ್ಜೆಯಲ್ಲೇ ಅಳೆದು ನಕಾಶೆ ಬರೆದುಕೊಟ್ಟವರು ಸುಂಕಣ್ಣ. ಸಂಬಳವಿಲ್ಲ, ಸನ್ಮಾನವಿಲ್ಲ, ಮನೆಯಲ್ಲಿ ಮಾತ್ರ ಧಾರಾಳವಾಗಿ ಬೈಗುಳ.

ಅವರು ಹಾಕಿದ ಕಟ್ಟಳೆ ಎರಡು. ಹೊರಟವರ ಹೆಸರೂ ತಿರುಗಿ ಬಂದವರ ಚೀಟಿಯೂ ತಾಳೆಯಾಗುವ ತನಕ ಯಾರೂ ಗುಡ್ಡದ ಬುಡ ಬಿಡಬಾರದು. ಬಂಡೆಗಳ ಸಂದಿಯಲ್ಲಿ ಕಾಲು ಮುರಿದುಕೊಂಡು ಯಾರಾದರೂ ಉಳಿದುಬಿಟ್ಟರೆ ಯಾರು ಹೊಣೆ? ಈ ಕಟ್ಟಳೆಗೆ ಯಾರೂ ಎರಡು ಮಾತಾಡುವಂತಿಲ್ಲ. ಎರಡನೆಯದು, ಬಂದ ಪ್ರತಿ ಚೀಟಿಯ ತೂತುಗಳನ್ನು ಎಣಿಸಿ ಎಲ್ಲರೆದುರು ಓದಿ ಹೇಳುವುದು. ಹೊಲದ ಆ ಮೇರೆಯಿಂದ ಈ ಮೇರೆಗೆ ಅಳತೆ ಕೂಗಿ ಪಳಗಿದ ಗಂಟಲು, ಮೈಕು ಬೇಕಿರಲಿಲ್ಲ. "ಬಾದನಹಟ್ಟಿ ವೀರೇಶ, ಹತ್ತಕ್ಕ ಎರಡು" ಎಂದರೆ ಗುಡ್ಡವೂ ಒಮ್ಮೆ ಹೌದೆನ್ನುತ್ತಿತ್ತು. ಅವರಿಗೆ ಅದು ಬರೀ ಅಳತೆ. ಹೊಲ ಎರಡು ಗುಂಟೆ ಕಡಿಮೆ ಬಂದರೆ ಸರಪಳಿ ಹಿಡಿದವನು ದನಿ ತಗ್ಗಿಸಿ ಹೇಳುತ್ತಾನೆಯೇ?

ಜನ ಕಡಿಮೆಯಾಗತೊಡಗಿದರು. ಮೂರನೆಯ ವರ್ಷ ಅರವತ್ತನಾಲ್ಕು ಮಂದಿ ಹೊರಟಿದ್ದರು. ಆಮೇಲೆ ನಲವತ್ತು, ಇಪ್ಪತ್ತಾರು, ಹದಿನಾಲ್ಕು, ಹೋದ ವರ್ಷ ಒಂಬತ್ತು. ಈ ಸಲ ಕೊಟ್ಟೂರಪ್ಪನವರು ಅಂಗಡಿಯ ಮಹಡಿಯಲ್ಲಿ ಸಭೆ ಕರೆದು, ನೋವಿನಿಂದಲೇ, ಆದರೆ ಸ್ಪಷ್ಟವಾಗಿ ಹೇಳಿಬಿಟ್ಟರು: "ಇಪ್ಪತ್ತು ಮಂದಿ ಬರಲಿಲ್ಲಂದ್ರ ಇದಾ ಕಡೀದು, ಸುಂಕಣ್ಣ. ಖಾಲಿ ಬಯಲು ನೋಡಿಕೋಂತ ಎಷ್ಟು ವರ್ಷ ಕುಂದ್ರೂದು?"

ಸುಂಕಣ್ಣ ಕಾರಣಗಳನ್ನು ಕೊಟ್ಟರು. ಬಿಸಿಲು, ಕೊರೋನಾ, ದಾರಿ ಹೇಳುವ ಫೋನು. ಕೊಡುವಾಗ ಅವರಿಗೇ ಅವುಗಳ ಮೇಲೆ ಪೂರ್ತಿ ನಂಬಿಕೆ ಇತ್ತು. ಆಗ ಸಂಘಮಿತ್ರಾ, ಸಿರುಗುಪ್ಪದ ಕಾಲೇಜಿನಲ್ಲಿ ಗಣಿತ ಹೇಳುವಾಕೆ, ಬಳಗದ ಕೆಲಸಕ್ಕೆಂದು ಪ್ರತಿ ವರ್ಷ ತಪ್ಪದೆ ಬರುವವರು, ಹತ್ತೂ ವರ್ಷದ ದಾಖಲೆ ಪುಸ್ತಕಗಳನ್ನು ಕೇಳಿ ಇಸಿದುಕೊಂಡು ಹೋದರು. ಮುಂದಿನ ವಾರ ತಂದು ಮುಂದಿಟ್ಟರು.

"ಸರ್, ನೀವು ತಲಿ ಎಣಿಸೀರಿ. ನಾ ಹೆಸರು ನೋಡೀನಿ. ಮೂರಕ್ಕಿಂತ ಕಡಿಮಿ ಬಾವುಟ ಸಿಕ್ಕೋರು ನೂರಾ ಹನ್ನೊಂದು ಮಂದಿ. ಅದರಾಗ ಎರಡನೇ ಸಲ ಬಂದೋರು ನಾಕು ಮಂದಿ ಅಷ್ಟಾ. ಹೊಸಬರು ಬರ್ತಾನ ಇದ್ರು ಸರ್. ತಿರುಗಿ ಬರಲಿಲ್ಲ."

ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ಸುಂಕಣ್ಣನವರಿಗೆ ಅದನ್ನು ಅಂಕಿಯಲ್ಲಿ ತೋರಿಸಿದಂತಾಯಿತು. ಬಾವುಟಗಳನ್ನು ಬಂಡೆಯ ಹಿಂದೆ, ಮುಳ್ಳುಕಂಟಿಯ ಬುಡದಲ್ಲಿ ಬಚ್ಚಿಟ್ಟವರು ಅವರೇ. ಅದಕ್ಕೂ ಕಾರಣವಿತ್ತು: ಮೊದಲ ವರ್ಷ ಎತ್ತರದಲ್ಲಿ ಕಟ್ಟಿದ್ದ ಬಾವುಟಗಳಲ್ಲಿ ಮೂರು ಆಟ ಮುಗಿಯುವ ಮೊದಲೇ ಮಾಯವಾಗಿ, ಒಂದು ಬಾದನಹಟ್ಟಿಯ ಮನೆಯೊಂದರಲ್ಲಿ ನೀರಿನ ಕೊಡದ ಬಾಯಿಗೆ ಕಟ್ಟಿದ್ದು ಸಿಕ್ಕಿತ್ತು. ಕುರಿ ಕಾಯುವವರ ಕಣ್ಣಿಗೆ ಬೀಳಬಾರದೆಂದು ಬಚ್ಚಿಡುತ್ತ ಬಚ್ಚಿಡುತ್ತ, ಆಡಲು ಬಂದವರ ಕಣ್ಣಿಗೂ ಬೀಳದಂತೆ ಮಾಡಿದ್ದರು. ಗುಡ್ಡ ಅವರಿಗೆ ಅಂಗೈ. ಬಂದವರಿಗೆ ಅದು ಗುಡ್ಡವೆಂಬುದು ಅವರಿಗೆ ಹೊಳೆದೇ ಇರಲಿಲ್ಲ.

ಪುಸ್ತಕದಲ್ಲಿ ಒಂದು ಹಾಳೆ ಮಾತ್ರ ತಾಳೆಯಾಗದೆ ಉಳಿದಿತ್ತು. ಅರವತ್ತನಾಲ್ಕು ಮಂದಿ ಹೊರಟ ದಿನ ಬಂದ ಚೀಟಿ ಅರವತ್ತಮೂರು. ಕರೂರಿನ ಜಯಶ್ರೀ ಎಂಬ ಹುಡುಗಿ ಬಂದಿರಲಿಲ್ಲ. ಮಧ್ಯಾಹ್ನದಿಂದ ಹೊತ್ತು ಮುಳುಗುವ ತನಕ ಸುಂಕಣ್ಣ ಹೆಸರು ಕೂಗುತ್ತ ಬಂಡೆಬಂಡೆಯ ಸಂದಿ ಹುಡುಕಿದ್ದರು, ಮೊಣಕಾಲು ತರಚಿಕೊಂಡಿದ್ದರು. ಕೊನೆಗೆ, ಆಕೆ ಮಧ್ಯಾಹ್ನವೇ ಬಸ್ಸು ಹಿಡಿದು ಮನೆ ಸೇರಿದ್ದಾಳೆಂದು ಫೋನಿನಲ್ಲಿ ತಿಳಿಯಿತು. ಕೆಂಪು ಶಾಯಿಯಲ್ಲಿ ಬರೆದರು: ಶಿಸ್ತಿಲ್ಲದವರು, ಮುಂದೆ ಸೇರಿಸಬಾರದು.

ಎಂಟು ವರ್ಷದ ಮೇಲೆ, ಯಾರಿಗೂ ಹೇಳದೆ, ಸುಂಕಣ್ಣ ಕರೂರಿನ ಬಸ್ಸು ಹತ್ತಿದರು. ಜಯಶ್ರೀ ಈಗ ಅಲ್ಲಿಯೇ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಕೋಟು ನೋಡಿಯೇ ಗುರುತು ಹಿಡಿದಳು, ಎದ್ದು ಚಾಪೆ ಹಾಕಿದಳು, ನೀರು ಕೊಟ್ಟಳು. ಯಾಕೆ ಹಾಗೆ ಹೋದೆಯೆಂದು ಕೇಳಿದ್ದಕ್ಕೆ ಸಿಟ್ಟಿಲ್ಲದೆ ಹೇಳಿದಳು.

"ನನಗಿಂತ ಮೊದಲು ಒಬ್ಬಾಕಿ ಬಂದಿದ್ಲು ಸಾರ್. 'ಹತ್ತಕ್ಕ ಸೊನ್ನಿ' ಅಂತ ಕೂಗಿದ್ರಿ. ಮಂದಿ ನಕ್ಕರು. ನಾ ಕಲ್ಲಿನ ಹಿಂದ ನಿಂತಿದ್ದೆ, ನನ್ನ ಚೀಟ್ಯಾಗೂ ಏನೂ ಇರಲಿಲ್ಲ. ಹೊಲದಾಗ ಬೆಳೆದಾಕಿ, ನನಗ ದಾರಿ ಸಿಗಲಿಲ್ಲ ಅಂತ ಹೆಂಗ ಬರ್ಲಿ? ಆ ಕಡಿ ಇಳಿದು ಹೋದೆ. ನೀವು ನನ್ನ ಹೆಸರು ಕೂಗೂದು ರಸ್ತಿ ಮಟ ಕೇಳಸ್ತಿತ್ತು. ಮತ್ತ ಬೈತಾರ ಅಂತ ಜೋರು ನಡದೆ."

"ತಪ್ಪಾತು, ಯವ್ವಾ. ಈ ಸಲ ಬಾ. ಬಾವುಟ ಎಲ್ಲಾರಿಗೂ ಕಾಣೂ ಹಂಗ ಕಟ್ಟತೀನಿ."

"ಇಲ್ರಿ ಸಾರ್. ಆ ಹುಮ್ಮಸ್ಸು ಹೋತು."

ಆದರೂ ಅವಳು ಒಳಗೆ ಹೋಗಿ, ಸರ್ಟಿಫಿಕೇಟುಗಳ ಫೈಲಿನಿಂದ ಹಳದಿಯಾದ ಚೀಟಿಯೊಂದನ್ನು ತೆಗೆದು ತಂದಳು. ತೂತಿಲ್ಲದ, ಮಡಿಕೆ ಬೀಳದ ಚೀಟಿ. ಎಸೆಯಲಿಕ್ಕೆ ಮನಸ್ಸಾಗಲಿಲ್ಲ, ನಿಮ್ಮದು ನಿಮಗೆ ಸೇರಲಿ ಎಂದಳು. ಅಲ್ಲಿಂದ ಬಸ್ ನಿಲ್ದಾಣದ ತನಕ ಸುಂಕಣ್ಣ ಹೆಜ್ಜೆ ಎಣಿಸಲಿಲ್ಲ.

ಈ ವರ್ಷದ ಆಟದ ಭಾನುವಾರ ಕುರುಗೋಡಿನಲ್ಲಿ ಬಾವುಟಗಳು ನೂರು ಮಾರು ದೂರದಿಂದಲೇ ಕಾಣುವಂತೆ ಹಾರಿದವು. ಕುರಿ ಕಾಯುವವರನ್ನು ಮೊದಲೇ ಕಂಡು, ಈ ಹೊತ್ತಿನ ಮಟ್ಟಿಗೆ ಮುಟ್ಟಬೇಡಿರಪ್ಪಾ ಎಂದು ಸುಂಕಣ್ಣ ಕೇಳಿಕೊಂಡಿದ್ದರು, ಅವರು ಮುಟ್ಟಲಿಲ್ಲ. ಇಷ್ಟು ಸರಳವಾದ ಕೆಲಸ ಹತ್ತು ವರ್ಷ ಹೊಳೆಯಲಿಲ್ಲವಲ್ಲ ಎಂಬ ಸಂಕಟ ಅವರ ಮುಖದ ಮೇಲೇ ಇತ್ತು. ಬೇಕಾಗಿದ್ದದ್ದು ಇಪ್ಪತ್ತು, ಬಂದವರು ಏಳು ಮಂದಿ. ಏಳೂ ಮಂದಿ ಹತ್ತೂ ಬಾವುಟ ಹುಡುಕಿ ಬಂದರು. ಸುಂಕಣ್ಣ ಏನನ್ನೂ ಓದಲಿಲ್ಲ. ಚೀಟಿ ಇಸಿದುಕೊಂಡು ಒಬ್ಬೊಬ್ಬರಿಗೂ ಮೆಲ್ಲಗೆ "ಚಲೋ ಆತು" ಎಂದರು. ಕೊನೆಯಲ್ಲಿ ಬಂದ ಸಣ್ಣ ವಯಸ್ಸಿನ ನರ್ಸಮ್ಮ, ಮೇಘಾ ಎಂದು ಹೆಸರು, ಮೊದಲ ಸಲ ಬಂದವಳು, ಬೆವರು ಒರೆಸಿಕೊಳ್ಳುತ್ತ ಕೇಳಿದಳು:

"ಮುಂದಿನ ಸಲ ಯಾವಾಗ್ರಿ?"

ಕೊಟ್ಟೂರಪ್ಪನವರು ಗುಡ್ಡದ ಕಡೆ ನೋಡಿದರು. ಸಂಘಮಿತ್ರಾ ಬಾವುಟ ಮಡಚತೊಡಗಿದರು. ಹತ್ತು ವರ್ಷ ಯಾರಾದರೂ ಕೇಳಲಿ ಎಂದು ಸುಂಕಣ್ಣ ಕಾದಿದ್ದ ಪ್ರಶ್ನೆ ಅದು. ಅವರು ಹಳೆಯ ಪುಸ್ತಕ ತೆರೆದು, ಕೆಂಪು ಸಾಲನ್ನು ಹೊಡೆದುಹಾಕಿ, ಅರವತ್ತಮೂರನ್ನು ಅರವತ್ತನಾಲ್ಕು ಮಾಡಿ, ಆ ಚೀಟಿಯನ್ನು ಹಾಳೆಯೊಳಗೆ ಇಟ್ಟು ಮುಚ್ಚಿದರು. ಎಲ್ಲ ತಾಳೆಯಾಯಿತು, ಇನ್ನು ಹೊರಡಬಹುದಿತ್ತು.

ಊರೂರಿಗೂ ಇಂಥ ಒಬ್ಬರು ಇರುತ್ತಾರೆ. ಅವರಿಲ್ಲದಿದ್ದರೆ ಸಂಘ ಹುಟ್ಟುತ್ತಿರಲಿಲ್ಲ. ಅವರಿದ್ದುದರಿಂದಲೇ ಅದು ಬೆಳೆಯಲಿಲ್ಲ. ಪ್ರೀತಿಯನ್ನು ಕಟ್ಟಳೆಯ ರೂಪದಲ್ಲಲ್ಲದೆ ಬೇರೆ ರೀತಿ ತೋರಿಸಲು ಬಾರದ ಜೀವಗಳು ಅವು. ಒಬ್ಬರು ಕಾಣದಿದ್ದರೆ ಮೊಣಕಾಲು ತರಚಿಕೊಂಡು ಹೊತ್ತು ಮುಳುಗುವ ತನಕ ಹೆಸರು ಕೂಗುತ್ತಾರೆ. ಕಾಣೆಯಾದವರು ಓಡುತ್ತಿರುವುದು ಆ ಕೂಗಿಗೇ ಹೆದರಿ ಎಂದು ಅವರಿಗೆ ತಿಳಿಯುವ ಹೊತ್ತಿಗೆ ಬಯಲು ಖಾಲಿಯಾಗಿರುತ್ತದೆ.