ಚಿಮಣಿ ನಿಂತಿದ್ದ ಜಾಗ

ಒಂದು ಕಿಟಕಿಯ ಗಾಜೂ ಒಡೆದಿರಲಿಲ್ಲ. ಬಲಕ್ಕೆ ಹೆರಿಗೆ ಆಸ್ಪತ್ರೆ, ಎಡಕ್ಕೆ ಶಾಲೆ, ನಡುವೆ ಹಳೆಯ ಗಿರಣಿಯ ಚಿಮಣಿ. ಅದನ್ನು ಕೆಡವುವುದು ಇತರ ಎಂಜಿನಿಯರುಗಳು ಆಗದೆಂದು ಕೈಚೆಲ್ಲಿದ್ದ ಕೆಲಸ. ತಾತ ಒಂದಿಡೀ ಚಳಿಗಾಲ ಅದರ ಬುಡದಲ್ಲೇ ಬೀಡುಬಿಟ್ಟು, ಇಟ್ಟಿಗೆಗಳನ್ನು ತಟ್ಟಿ ತಟ್ಟಿ ನೋಡಿ, ಸಿಡಿಮದ್ದಿಗೆ ತೂತು ಕೊರೆಸಿದ್ದರು. ಗುಂಡಿ ಒತ್ತಿದಾಗ ಚಿಮಣಿ ಗೆರೆ ಎಳೆದಲ್ಲೇ ಮಲಗಿತು. ಆಸ್ಪತ್ರೆಯ ಕೂಸುಗಳು ಮಿಸುಕಲೂ ಇಲ್ಲವಂತೆ.

"ಅಂತೆ ಯಾಕೆ ತಾತ? ನೀವೇ ಅಲ್ಲಿದ್ರಲ್ಲ," ಎಂದಳು ಮೊಮ್ಮಗಳು, ಬಸ್ಸಿನ ಕಿಟಕಿಯಿಂದ ಕಣ್ಣು ತೆಗೆಯದೆ.

"ಹೆರಿಗೆ ಕೋಣೆಗೆ ನುಗ್ಗಿ ನೋಡೋಕಾಗುತ್ತಾ? ನರ್ಸ್ ಹೇಳಿದ್ದು."

ಅವಳಿಗೆ ಕಟ್ಟಡ ವಿನ್ಯಾಸದ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಸಂಜೆಯೊಳಗೆ ಒಪ್ಪಿಗೆ ತಿಳಿಸಬೇಕು. ಒಲ್ಲೆನೆಂದರೆ, ತಾತ ಕಟ್ಟಿ ಬೆಳೆಸಿದ ಕೆಡವುವ ಕಂಪನಿಯಲ್ಲಿ ಕೆಲಸ ಕಲಿಯಬಹುದು. ತಮ್ಮ ತರುವಾಯ ಆ ಕುರ್ಚಿಗೆ ಬೇರಾರೂ ಇಲ್ಲವೆಂಬುದನ್ನು ಅವರು ಬಾಯಿಬಿಟ್ಟು ಹೇಳಿರಲಿಲ್ಲ. ಮಗಳು ನಿನ್ನೆಯೇ ಕುಟುಕಿದ್ದಳು: "ಬೀಳ್ಸೋದೂ ಒಂದು ಕಸುಬಾ ಅಪ್ಪ? ನಾನು ಮಾಡಿದ್ದು ಅಂತ ಒಂದನ್ನಾದ್ರೂ ಅವಳಿಗೆ ತೋರ್ಸಿ, ನೋಡೋಣ."

ಅದಕ್ಕೇ ಈ ತಿರುಗಾಟ.

ಮೊದಲು ಇಳಿದದ್ದು ಹಲ್ಲಿನ ಆಸ್ಪತ್ರೆಯೊಂದರ ಮುಂದೆ.

"ಇದು ನಿಮ್ಮದಾ?"

"ಇದಲ್ಲ. ಇಲ್ಲಿದ್ದ ಸೆರೆಮನೆ."

"ಅದೆಲ್ಲಿ?"

"ಇಲ್ಲ. ಅದೇ ನನ್ನದು."

ಅವಳು ನಕ್ಕಳು. "ಹಾಗಾದ್ರೆ ಕೆಲ್ಸ ಚೆನ್ನಾಗಾದಷ್ಟೂ ನೋಡೋಕೆ ಏನೂ ಉಳಿಯಲ್ಲ!"

ವೃತ್ತಿಯ ಹಿರಿಮೆಯನ್ನು ಬಣ್ಣಿಸಲೆಂದು ಅವರು ರಾತ್ರಿಯೆಲ್ಲ ಹೊಸೆದಿಟ್ಟಿದ್ದ ಮಾತು ಅದೇ. ಅವಳ ಬಾಯಲ್ಲಿ ಅದು ಹಗುರವಾಗಿ ಬಂದುಬಿಟ್ಟಿತು. ಅವರು ಬಸ್ ನಿಲ್ದಾಣದ ಕಡೆ ಹೊರಟರು.

ಚಿಮಣಿ ಇದ್ದಲ್ಲಿ ಈಗ ಕಾರು ನಿಲ್ಲಿಸುವ ಬಯಲು. ಎರಡೂ ಬದಿಗೆ ಗಾಜಿನ ಎತ್ತರದ ಕಟ್ಟಡಗಳು. ಕಾವಲುಗಾರ ಕುರ್ಚಿಯಿಂದ ಏಳಲಿಲ್ಲ.

"ಚಿಮಣಿನಾ? ನಾನ್ ಬಂದಾಗಿಂದ ಇಲ್ಲಿ ಬರೀ ಕಾರೇ ಸಾರ್."

"ಪಕ್ಕದಲ್ಲೊಂದು ಹೆರಿಗೆ ಆಸ್ಪತ್ರೆ ಇತ್ತಲ್ಲ?"

"ಓ, ಅದಾ? ಅದನ್ನ ಯಾವಾಗ್ಲೋ ಉರುಳ್ಸಿದ್ರು."

ಯಾವ ಗೋಡೆಗೆ ಬಿರುಕು ಬೀಳಬಾರದೆಂದು ಒಂದು ಚಳಿಗಾಲ ನಿದ್ದೆಗೆಟ್ಟಿದ್ದರೋ ಆ ಗೋಡೆಯನ್ನು ಇನ್ನಾರೋ ಒಂದು ಹಗಲಿನಲ್ಲಿ ಮುಗಿಸಿದ್ದಿರಬೇಕು. ಅಚ್ಚುಕಟ್ಟಾಗಿಯೇ ಮುಗಿಸಿದ್ದಾರೆ, ಎಂದು ಅವರೊಳಗಿನ ಎಂಜಿನಿಯರು ಒಪ್ಪಿಕೊಂಡ.

ಮೊಮ್ಮಗಳ ಫೋನು ಬಡಿದುಕೊಂಡಿತು. ಅವಳು ಎರಡು ಹೆಜ್ಜೆ ಸರಿದು ನಿಂತಳು. "ತಾತಂಗೆ ಇನ್ನೂ ಹೇಳಿಲ್ಲಮ್ಮ... ಹೂಂ, ನೋಡಿದ್ವಿ... ಇಲ್ಲ, ಏನೂ ಇಲ್ಲ." ದನಿ ತಗ್ಗಿತು. "ಬೇಜಾರ್ ಮಾಡ್ಕೊಳ್ತಾರಮ್ಮ. ನಾನೇ ನಿಧಾನಕ್ಕೆ ಹೇಳ್ತೀನಿ."

ಅವರು ಕೇಳಿಸದವರಂತೆ ಆಕಾಶ ನೋಡಿದರು.

ಅವಳು ಬಂದು ತೋಳು ಹಿಡಿದಳು. ಕಾಯಿಲೆಯವರನ್ನು ಊಟಕ್ಕೆ ಎಬ್ಬಿಸುವ ಮೃದುತನ. "ತಾತ, ಎಷ್ಟೆತ್ತರ ಇತ್ತು ಅದು? ಇನ್ನೊಂದ್ಸಲ ಹೇಳಿ. ಮೊದ್ಲಿಂದ."

ಅವರು ಬಲಗೈಯನ್ನು ನೆಟ್ಟಗೆ ಮೇಲೆತ್ತಿದರು.

ಒಳಗೆ ಬರುತ್ತಿದ್ದ ಕಾರೊಂದು ಆ ಕೈಯನ್ನು ಕಂಡು ಗಕ್ಕನೆ ನಿಂತಿತು. ಅದರ ಹಿಂದೆ ಮತ್ತೊಂದು. ಚಾಲಕ ಗಾಜು ಇಳಿಸಿ, ಎಡಕ್ಕೋ ಬಲಕ್ಕೋ ಎಂಬಂತೆ ಕತ್ತು ಚಾಚಿ, ಅವರನ್ನೇ ನೋಡುತ್ತ ಕಾಯತೊಡಗಿದ. ಎತ್ತಿದ ಕೈಯನ್ನು ಯಾವ ಕಡೆಗೆ ಇಳಿಸಬೇಕೆಂದು ಅವರಿಗೆ ತೋಚಲಿಲ್ಲ.